ಬೋರ್ ಮಾಡಿಸುವ ಮುನ್ನ: ಹಳೆಯ ಟೂ-ಸ್ಟ್ರೋಕ್ ಬೈಕುಗಳ ಎಂಜಿನ್ ಕೆಲಸ ಮತ್ತು ಪಾಲನೆ

ವೇಗಕ್ಕೆ ಹೆಸರಾಗಿದ್ದ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್‌ಗಳ ತಯಾರಿಕೆ ಭಾರತದಲ್ಲಿ ನಿಂತು ಬಹಳ ಕಾಲವಾಗಿದ್ದರೂ ಅವುಗಳನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರ ಸಂಖ್ಯೆ ಕುಗ್ಗಿಲ್ಲ. ಯಮಹಾದ ಆರ್‌ಡಿ350ಬಿ ಮಾದರಿಯನ್ನು ಆಧರಿಸಿ ಎಸ್ಕಾರ್ಟ್ಸ್ ಸಂಸ್ಥೆ 1983ರಲ್ಲಿ ಹೊರತಂದ ಎರಡು ಸಿಲಿಂಡರಿನ ರಾಜದೂತ್ 350 (ಮುಂದೆ ಆರ್‌ಡಿ350), 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್100, ಅದರ ಹಿಂದೆಯೇ ಬಂದ ಆರ್‌ಎಕ್ಸ್135 ಮತ್ತು ಟಿವಿಎಸ್ ಸುಜುಕಿಯ ಶೋಗನ್ ಈ ಗುಂಪಿನಲ್ಲಿ ಮುಖ್ಯವಾದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸುತ್ತಿದ್ದ ಯೆಜ್ಡಿ ಬೈಕುಗಳ ಸ್ವಭಾವ ಬೇರೆಯದಾದರೂ ಎಂಜಿನ್ನಿನ ಮೂಲತತ್ವ ಒಂದೇ ಆಗಿರುವುದರಿಂದ ಇಲ್ಲಿನ ಹೆಚ್ಚಿನ ಮಾತುಗಳು ಅವುಗಳಿಗೂ ಸಲ್ಲುತ್ತವೆ.

ಇಂಥ ಬೈಕು ಕೈಗೆ ಬಂದ ಕೆಲವೇ ತಿಂಗಳಲ್ಲಿ ಪಿಸ್ಟನ್ ಹಿಡಿದುಕೊಂಡು, ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದ ಮೇಲೆ ಅದೇ ತೊಂದರೆ ಮರಳಿ ಬರುವುದು ಗ್ಯಾರೇಜುಗಳಲ್ಲಿ ಸಾಮಾನ್ಯ ದೃಶ್ಯ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕೆಟ್ಟ ಪಿಸ್ಟನ್ ಹೆಚ್ಚಿನ ಸಂದರ್ಭಗಳಲ್ಲಿ ಬೇರೊಂದು ದೋಷದ ಫಲವೇ ಹೊರತು ಅದೇ ದೋಷವಲ್ಲ. ಗಾಳಿ ಸೋರಿಕೆ, ಆಯಿಲ್ ಕೊರತೆ, ತಪ್ಪಿದ ಇಗ್ನಿಷನ್ ಅಥವಾ ತೆಳುವಾದ ಪೆಟ್ರೋಲ್ ಮಿಶ್ರಣ ಎಂಬ ನಾಲ್ಕರಲ್ಲಿ ಯಾವುದರಿಂದ ಹಾನಿಯಾಯಿತು ಎಂಬುದನ್ನು ಪತ್ತೆಮಾಡದೆ ನಡೆಸಿದ ಎಂಜಿನ್ ಕೆಲಸ ಅಪೂರ್ಣವಾಗಿಯೇ ಉಳಿಯುತ್ತದೆ.

ಎಂಜಿನ್ನಿನ ರಚನೆ

ಫೋರ್-ಸ್ಟ್ರೋಕ್ ಎಂಜಿನ್ ಕ್ರ್ಯಾಂಕಿನ ಎರಡು ಸುತ್ತುಗಳಿಗೆ ಒಮ್ಮೆ ಇಂಧನವನ್ನು ಉರಿಸಿದರೆ ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿನಲ್ಲೂ ಉರಿಸುತ್ತದೆ. ಇದಕ್ಕಾಗಿ ಅದು ವಾಲ್ವ್‌ಗಳ ಬದಲಿಗೆ ಸಿಲಿಂಡರಿನ ಗೋಡೆಯಲ್ಲಿ ಕೊರೆದ ಪೋರ್ಟ್‌ಗಳನ್ನು, ಅಂದರೆ ಪಿಸ್ಟನ್ನೇ ಚಲಿಸುತ್ತ ತೆರೆದು ಮುಚ್ಚುವ ಕಿಂಡಿಗಳನ್ನು ಬಳಸುತ್ತದೆ. ಬ್ರಿಟನ್ನಿನ ಜೋಸೆಫ್ ಡೇ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಕ್ರಮದಂತೆ, ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಉಂಟಾಗುವ ಸೆಳೆತವು ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಒಳಗೆ ತರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೊಳಗಾಗಿ ಟ್ರಾನ್ಸ್‌ಫರ್ ಪೋರ್ಟ್‌ಗಳ ಮೂಲಕ ಮೇಲೇರಿ, ಉರಿದ ಹೊಗೆಯನ್ನು ಎಗ್ಸಾಸ್ಟ್ ಪೋರ್ಟಿನತ್ತ ತಳ್ಳುತ್ತದೆ. ಆರ್‌ಎಕ್ಸ್100 ಮತ್ತು ಆರ್‌ಡಿ350 ಎಂಜಿನ್ನುಗಳಲ್ಲಿ ಒಳಬಂದ ಮಿಶ್ರಣ ಕಾರ್ಬ್ಯುರೇಟರಿಗೆ ಹಿಂದಿರುಗದಂತೆ ತಡೆಯಲು ರೀಡ್ ವಾಲ್ವ್ ಎಂಬ ತೆಳು ಪಟ್ಟಿಗಳ ಏಕಮುಖ ದ್ವಾರವಿದೆ.

ಸೈಲೆನ್ಸರ್ ಕೂಡ ಶಬ್ದ ಅಡಗಿಸುವ ಕೊಳವೆ ಮಾತ್ರವಲ್ಲ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಬೆಳೆಸಿದ ಎಕ್ಸ್‌ಪ್ಯಾನ್ಷನ್ ಛೇಂಬರ್, ಹಿಗ್ಗಿ ಕುಗ್ಗುವ ತನ್ನ ಆಕಾರದಿಂದ ಒತ್ತಡದ ಅಲೆಯನ್ನು ಹಿಂದಕ್ಕೆ ಕಳುಹಿಸಿ, ಹೊರಗೆ ಹೋಗಲಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತಿತ್ತು. 1961ರಲ್ಲಿ ಎಂಜೆಡ್ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿ ಸೇರಿದ ಮೇಲೆ ಈ ಜ್ಞಾನ ಜಪಾನಿಗೂ ತಲುಪಿತು. 98 ಸಿಸಿಯ ಆರ್‌ಎಕ್ಸ್100 ಎಂಜಿನ್ 11 ಬಿಎಚ್‌ಪಿ ಶಕ್ತಿ ನೀಡುವುದರಲ್ಲಿ ಸೈಲೆನ್ಸರಿನ ಒಳರಚನೆಯ ಪಾಲೂ ಇರುವುದರಿಂದ, ಒಳಗಿನ ಕೊಳವೆಯನ್ನು ಕತ್ತರಿಸಿ ಶಬ್ದ ಹೆಚ್ಚಿಸುವ ಅಭ್ಯಾಸ ಹಲವೊಮ್ಮೆ ಶಕ್ತಿಯನ್ನು ತಗ್ಗಿಸುವುದಲ್ಲದೆ ಮಿಶ್ರಣವನ್ನೂ ತೆಳುವಾಗಿಸುತ್ತದೆ.

ಈ ರಚನೆಯಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಕ್ರ್ಯಾಂಕ್‌ಕೇಸೇ ಪಂಪಿನ ಕೆಲಸ ಮಾಡುವುದರಿಂದ ಅದರಲ್ಲಿ ಆಯಿಲ್ ತುಂಬಿಡಲು ಬರುವುದಿಲ್ಲ, ಹಾಗಾಗಿ ಕ್ರ್ಯಾಂಕಿನ ಬೇರಿಂಗ್‌ಗಳೂ ಪಿಸ್ಟನ್ನೂ ಮಿಶ್ರಣದ ಜೊತೆ ಬರುವ 2ಟಿ ಆಯಿಲನ್ನೇ ನಂಬಿರುತ್ತವೆ. ಎರಡನೆಯದಾಗಿ, ಕ್ರ್ಯಾಂಕ್‌ಕೇಸಿನ ಯಾವುದೇ ಜೋಡಣೆಯಲ್ಲಿ ಆಗುವ ಸೋರಿಕೆಯು ನೇರವಾಗಿ ಮಿಶ್ರಣದ ಪ್ರಮಾಣವನ್ನೇ ಕೆಡಿಸುತ್ತದೆ.

ಕೊಳ್ಳುವಾಗಿನ ಪರೀಕ್ಷೆ

ಮೊದಲು ನೋಡಬೇಕಾದದ್ದು ಕಾಗದಪತ್ರ. ಎಂಜಿನ್ ಮತ್ತು ಛಾಸಿಯ ಮೇಲೆ ಕೊರೆದ ಸಂಖ್ಯೆಗಳು ಆರ್‌ಸಿ ಪುಸ್ತಕದೊಂದಿಗೆ ಅಕ್ಷರಶಃ ಹೊಂದಬೇಕು. ಗುಜರಿಯಿಂದ ತಂದ ಬೇರೆ ಎಂಜಿನ್ ಕೂರಿಸಿದ್ದು ಅದನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸದಿದ್ದರೆ ಮುಂದೆ ಹೆಸರು ವರ್ಗಾವಣೆಯೂ ನೋಂದಣಿ ನವೀಕರಣವೂ ತೊಡಕಾಗುತ್ತವೆ. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಗಳಿಗೆ ಸೀಮಿತವಾಗಿದ್ದು, ಅನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ. ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 4.5 ಮತ್ತು ಹೈಡ್ರೋಕಾರ್ಬನ್ 9000 ಪಿಪಿಎಂ ಎಂಬ ಮಿತಿಯಿದ್ದು, ಸರಿಯಾಗಿ ಹೊಂದಿಸಿದ ಹಳೆಯ ಟೂ-ಸ್ಟ್ರೋಕ್ ಎಂಜಿನ್ ಇದರೊಳಗೆ ಇರಬಲ್ಲದು.

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಪರೀಕ್ಷೆ ಆರಂಭಿಸುವುದು ಒಳ್ಳೆಯದು, ಏಕೆಂದರೆ ಮಾರುವವರು ಮೊದಲೇ ಚಾಲೂ ಮಾಡಿ ಬಿಸಿಯಾಗಿಸಿಟ್ಟ ಎಂಜಿನ್ ತನ್ನ ಅನೇಕ ದೋಷಗಳನ್ನು ಮರೆಮಾಚುತ್ತದೆ. ಚಾಲೂ ಆದ ಹೊತ್ತಿನಲ್ಲಿ ನೀಲಿ ಛಾಯೆಯ ಹೊಗೆ ಬರುವುದು ಸಹಜ. ಆದರೆ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್ ಆಯಿಲಿನ ಮಟ್ಟವೂ ದಿನೇ ದಿನೇ ಇಳಿಯುತ್ತಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಸೋತು ಗೇರ್‌ಬಾಕ್ಸಿನ ಆಯಿಲ್ ಕ್ರ್ಯಾಂಕ್‌ಕೇಸಿನೊಳಗೆ ಸೆಳೆಯಲ್ಪಡುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ವೇಗ ತಕ್ಷಣ ಇಳಿಯದೆ ಮೇಲೆಯೇ ನಿಂತರೆ ಮ್ಯಾಗ್ನೆಟ್ ಬದಿಯ ಸೀಲ್ ಅಥವಾ ಕಾರ್ಬ್ಯುರೇಟರಿನ ರಬ್ಬರ್ ಜೋಡಣೆಯಲ್ಲಿ ಹೊರಗಾಳಿ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಈ ಎರಡನೆಯದು ಹೊಗೆಯನ್ನಾಗಲಿ ಕಲೆಯನ್ನಾಗಲಿ ತೋರಿಸದೆ ಪಿಸ್ಟನ್ ಕೆಡಿಸುವುದರಿಂದ ಹೆಚ್ಚು ಅಪಾಯಕಾರಿ.

ಶಬ್ದಗಳೂ ತಮ್ಮ ಮೂಲವನ್ನು ಸೂಚಿಸುತ್ತವೆ. ತಣ್ಣಗಿರುವಾಗ ಕೇಳಿಸಿ ಬಿಸಿಯಾದಂತೆ ಕುಗ್ಗುವ ಟಕಟಕ ಸದ್ದು ಸವೆದ ಪಿಸ್ಟನ್ನಿನದು. ಭಾರ ಎಳೆಯುವಾಗ ಕೆಳಗಿನಿಂದ ಬರುವ ಗಟ್ಟಿ ಬಡಿತ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗಿನದು. ವೇಗದೊಂದಿಗೆ ಏರುವ ಗುಂಯ್ ಎಂಬ ಸದ್ದು ಕ್ರ್ಯಾಂಕಿನ ಮುಖ್ಯ ಬೇರಿಂಗುಗಳದು. ಕಂಪ್ರೆಷನ್ ಗೇಜ್ ಇದ್ದಲ್ಲಿ ಆಕ್ಸಿಲರೇಟರನ್ನು ಪೂರ್ತಿ ತೆರೆದು ಕಿಕ್ ಹೊಡೆದು ಒತ್ತಡ ನೋಡಬೇಕು. ಆರ್‌ಡಿ350ಯಲ್ಲಿ ಎರಡೂ ಸಿಲಿಂಡರುಗಳ ಒತ್ತಡದ ನಡುವೆ ಶೇಕಡಾ 10ಕ್ಕಿಂತ ಹೆಚ್ಚಿನ ಅಂತರವಿದ್ದರೆ ಒಂದರ ಕೆಲಸ ಬಾಕಿಯಿದೆ ಎಂದು ತಿಳಿದು ಬೆಲೆ ಮಾತಾಡಬೇಕು.

ಪಿಸ್ಟನ್ನಿನ ಮೇಲಿನ ಗುರುತುಗಳು

ಹೆಡ್ ಮತ್ತು ಸಿಲಿಂಡರ್ ತೆಗೆದ ಕೂಡಲೇ ಪಿಸ್ಟನ್ನನ್ನು ಉಜ್ಜಿ ತೊಳೆಯುವ ಬದಲು ಅದರ ಮೇಲಿನ ಗೆರೆ ಮತ್ತು ಬಣ್ಣಗಳನ್ನು ಗಮನಿಸಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸುತ್ತಲೂ ನಾಲ್ಕು ಕಡೆ ಸಮನಾಗಿ ಉಜ್ಜಿದ ಗುರುತುಗಳಿದ್ದರೆ ಪಿಸ್ಟನ್ ಸಿಲಿಂಡರಿಗಿಂತ ಬೇಗ ಹಿಗ್ಗಿದೆ ಎಂದರ್ಥ. ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದ ಕೂಡಲೇ ಜೋರಾಗಿ ಓಡಿಸುವುದು ಅಥವಾ ಬೋರ್ ಮಾಡಿದಾಗ ಸಾಕಷ್ಟು ಅಂತರ ಬಿಡದಿರುವುದು ಇದಕ್ಕೆ ಕಾರಣ. ಎಗ್ಸಾಸ್ಟ್ ಬದಿಯಲ್ಲಿ ಮಾತ್ರ ಲೋಹ ಮೆತ್ತಿದಂತಿದ್ದರೆ ಅತಿಬಿಸಿ, ತೆಳು ಮಿಶ್ರಣ ಅಥವಾ ಆಯಿಲ್ ಕೊರತೆಯನ್ನು ಶಂಕಿಸಬೇಕು. ಕಾರ್ಬ್ಯುರೇಟರಿನ ಬದಿಯ ಮೈ ಮಂಕಾಗಿ ಸಣ್ಣ ಗೆರೆಗಳಿಂದ ತುಂಬಿದ್ದರೆ ಹರಿದ ಅಥವಾ ತೆಗೆದುಹಾಕಿದ ಏರ್ ಫಿಲ್ಟರಿನ ಮೂಲಕ ಧೂಳು ಒಳಹೊಕ್ಕಿದೆ. ಪಿಸ್ಟನ್ನಿನ ತಲೆಯ ಅಂಚು ಸೂಜಿಯಿಂದ ಚುಚ್ಚಿದಂತೆ ಸವೆದಿದ್ದರೆ ಡಿಟೊನೇಷನ್, ಅಂದರೆ ಮಿಶ್ರಣ ಕ್ರಮವಾಗಿ ಉರಿಯದೆ ಸಿಡಿಯುವುದು ನಡೆದಿದೆ. ತಲೆಯ ನಡುವೆ ಕರಗಿ ತೂತಾಗಿದ್ದರೆ ಇಗ್ನಿಷನ್ ಬೇಗ ಹೊತ್ತುವುದು ಅಥವಾ ಬಿಸಿಗುಣ ಹೊಂದದ ಪ್ಲಗ್ ಬಳಸಿರುವುದು ಮೊದಲ ಶಂಕೆಗಳು.

ಅಳತೆ ಮತ್ತು ಬೋರಿಂಗ್

ಸಿಲಿಂಡರ್ ಸವೆತವನ್ನು ಕಣ್ಣಿನಿಂದ ನಿರ್ಧರಿಸಲು ಬರುವುದಿಲ್ಲವಾದ್ದರಿಂದ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿಯೊಂದರಲ್ಲೂ ಪರಸ್ಪರ ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಮೇಲಿಂದ ಕೆಳಕ್ಕೆ ಬರುವ ವ್ಯತ್ಯಾಸ 0.05 ಮಿ.ಮೀ. ದಾಟಿದರೆ, ಅಥವಾ ಒಂದೇ ಎತ್ತರದ ಎರಡು ಅಳತೆಗಳ ನಡುವಿನ ವ್ಯತ್ಯಾಸ 0.01 ಮಿ.ಮೀ. ದಾಟಿದರೆ ಬೋರ್ ಮಾಡಿಸುವುದು ಅನಿವಾರ್ಯ. ಪಿಸ್ಟನ್ನನ್ನು ಅದರ ಪಿನ್ನಿಗೆ ಅಡ್ಡವಾದ ದಿಕ್ಕಿನಲ್ಲಿ, ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ ಮೈಕ್ರೋಮೀಟರಿನಿಂದ ಅಳೆಯಲಾಗುತ್ತದೆ. ಅದು ಹೆಚ್ಚಿನ ಪಿಸ್ಟನ್‌ಗಳ ಅತಿ ಅಗಲವಾದ ಭಾಗ.

ಈ ಬೈಕುಗಳ ಸಿಲಿಂಡರಿನ ಒಳಮೈ ಎರಕದ ಕಬ್ಬಿಣದ ಸ್ಲೀವ್ ಆಗಿರುವುದರಿಂದ ಮೂಲ ಅಳತೆಗಿಂತ 0.25, 0.50, 0.75 ಮತ್ತು 1.00 ಮಿ.ಮೀ. ಹೆಚ್ಚಿನ ಓವರ್‌ಸೈಜ್ ಪಿಸ್ಟನ್‌ಗಳಿಗೆ ಕ್ರಮವಾಗಿ ಹಿಗ್ಗಿಸಬಹುದು. ಆರ್‌ಎಕ್ಸ್100ರ ಮೂಲ ಬೋರ್ 50 ಮಿ.ಮೀ., ಆರ್‌ಡಿ350ಯದು 64 ಮಿ.ಮೀ. ವಿದೇಶಗಳಿಂದ ಬಂದ ಅನೇಕ ಹೊಸಕಾಲದ ಟೂ-ಸ್ಟ್ರೋಕ್ ಸ್ಪೋರ್ಟ್ ಬೈಕುಗಳ ಸಿಲಿಂಡರಿಗೆ ನಿಕಲ್-ಸಿಲಿಕಾನ್ ಕಾರ್ಬೈಡಿನ ತೆಳು ಲೇಪನವಿದ್ದು ಅವುಗಳನ್ನು ಈ ರೀತಿ ಬೋರ್ ಮಾಡಲಾಗದು. ಲೇಪನ ಕೆಟ್ಟರೆ ಮತ್ತೆ ಲೇಪಿಸಬೇಕು, ಇಲ್ಲವೇ ಸ್ಲೀವ್ ಹಾಕಿಸಬೇಕು.

ಪಿಸ್ಟನ್ ಕೊಂಡ ಮೇಲೆಯೇ ಬೋರ್ ಮಾಡಿಸಬೇಕೆಂಬುದು ಇಲ್ಲಿ ಮೀರಬಾರದ ಕ್ರಮ. ಒಂದೇ ಅಂಕಿ ಮುದ್ರಿಸಿದ ಎರಡು ಪಿಸ್ಟನ್‌ಗಳು ನೂರನೆಯ ಒಂದು ಮಿ.ಮೀ.ನಷ್ಟು ಬೇರೆಯಾಗಿರಬಹುದು, ಆದರೆ ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಬಿಡಬೇಕಾದ ಅಂತರವೇ 0.04 ಮಿ.ಮೀ. ಆಸುಪಾಸಿನದು, ಮೂಲ ತಯಾರಕರದಲ್ಲದ ಪಿಸ್ಟನ್ನಿಗೆ ಅದರ ತಯಾರಕರು ಬೇರೆ ಅಂತರ ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು. ಬೋರ್ ಆದ ಮೇಲೆ ಹೋನಿಂಗ್ ಮಾಡಿ, ಆಯಿಲ್ ನಿಲ್ಲಬಲ್ಲ ಸೂಕ್ಷ್ಮ ಅಡ್ಡಗೆರೆಗಳನ್ನು ಮೂಡಿಸಲಾಗುತ್ತದೆ. ಟೂ-ಸ್ಟ್ರೋಕ್ ಕೆಲಸ ಹೆಚ್ಚು ಮಾಡದ ಲೇತ್ ಅಂಗಡಿಗಳಲ್ಲಿ ತಪ್ಪಿಹೋಗುವ ಹಂತ ಇದರ ಮುಂದಿನದು: ಬೋರಿಂಗ್ ಪೋರ್ಟುಗಳ ಅಂಚನ್ನು ಚೂಪಾಗಿಸುವುದರಿಂದ ಆ ಅಂಚುಗಳನ್ನು ನಯವಾಗಿ ಓರೆ ತೀಡದಿದ್ದರೆ ಪಿಸ್ಟನ್ ರಿಂಗ್ ಕಿಂಡಿಯಲ್ಲಿ ಸಿಕ್ಕಿ ಮುರಿಯುತ್ತದೆ. ಬಳಿಕ ಸಿಲಿಂಡರನ್ನು ಸೋಪುನೀರಿನಲ್ಲಿ ಉಜ್ಜಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದು ಬಣ್ಣ ಹತ್ತದವರೆಗೂ ಮುಂದುವರಿಸಬೇಕು, ಏಕೆಂದರೆ ಹೋನಿಂಗ್ ಕಲ್ಲಿನ ಪುಡಿ ಪೆಟ್ರೋಲಿನಿಂದ ಮಾತ್ರ ಹೋಗುವುದಿಲ್ಲ.

ರಿಂಗನ್ನು ಸಿಲಿಂಡರಿನೊಳಗೆ ಸಮವಾಗಿ ಇಟ್ಟು ಅದರ ತುದಿಗಳ ಅಂತರವನ್ನು ಫೀಲರ್ ಗೇಜಿನಿಂದ ನೋಡಬೇಕು. ಆರ್‌ಡಿ350ಗೆ ಇದು 0.2ರಿಂದ 0.4 ಮಿ.ಮೀ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಎಗ್ಸಾಸ್ಟ್ ಕಡೆ ಇರಬೇಕು, ರಿಂಗಿನ ತುದಿಗಳು ಕಾಲುವೆಯಲ್ಲಿರುವ ಸಣ್ಣ ಪಿನ್ನಿಗೆ ಹೊಂದಿಕೊಳ್ಳಬೇಕು, ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್‌ಗಳು ಪ್ರತಿಬಾರಿಯೂ ಹೊಸವೇ ಆಗಿರಬೇಕು.

ಕ್ರ್ಯಾಂಕ್, ಸೀಲ್ ಮತ್ತು ಸೋರಿಕೆ ಪರೀಕ್ಷೆ

ಖರ್ಚು ಉಳಿಸುವ ಉದ್ದೇಶದಿಂದ ಮೇಲಿನ ಭಾಗವನ್ನಷ್ಟೇ ಹೊಸದಾಗಿಸಿ ಕ್ರ್ಯಾಂಕನ್ನು ಮುಟ್ಟದೆ ಬಿಡುವುದು ಸಾಮಾನ್ಯವಾದರೂ, ಮೂವತ್ತು ವರ್ಷ ದಾಟಿದ ಎಂಜಿನ್ನಿನಲ್ಲಿ ರಬ್ಬರ್ ಸೀಲ್‌ಗಳು ಓಟ ಎಷ್ಟೇ ಕಡಿಮೆಯಿದ್ದರೂ ಗಟ್ಟಿಯಾಗಿರುತ್ತವೆ ಎಂಬುದನ್ನು ಮರೆಯುವಂತಿಲ್ಲ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದಾಗ ದೊಡ್ಡ ತುದಿಯಲ್ಲಿ ಸ್ವಲ್ಪವೂ ಆಟ ಸಿಗಬಾರದು. ಚಿಕ್ಕ ತುದಿಯನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಸಿಗುವ ಆಟ 2 ಮಿ.ಮೀ. ಮೀರಿದರೆ ರಾಡ್ ಕಿಟ್, ಅಂದರೆ ರಾಡ್, ಕ್ರ್ಯಾಂಕ್ ಪಿನ್, ಸೂಜಿ ಬೇರಿಂಗ್ ಮತ್ತು ವಾಷರುಗಳ ಜೋಡಿಯನ್ನು ಬದಲಿಸಬೇಕು. ಈ ಕ್ರ್ಯಾಂಕುಗಳು ಒತ್ತಿ ಜೋಡಿಸಿದ ಭಾಗಗಳಾದ್ದರಿಂದ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಚ್ಚಿ ಕೂಡಿಸಿದ ಮೇಲೆ ಎರಡು ತುದಿಗಳನ್ನೂ ಡಯಲ್ ಗೇಜಿನ ಕೆಳಗೆ ತಿರುಗಿಸಿ ನೇರ ಮಾಡುವುದು ಅಗತ್ಯ, ಓಲಾಟ 0.03 ಮಿ.ಮೀ. ಆಸುಪಾಸಿನಲ್ಲಿ ಉಳಿಯಬೇಕು. ಡಯಲ್ ಗೇಜ್ ಇಲ್ಲದೆ ಸುತ್ತಿಗೆಯಿಂದ ಅಂದಾಜಿಗೆ ಸರಿಪಡಿಸಿದ ಕ್ರ್ಯಾಂಕ್ ಹೊಸ ಬೇರಿಂಗನ್ನೂ ಸೀಲನ್ನೂ ಬೇಗನೆ ತಿಂದುಹಾಕುತ್ತದೆ.

ಜೋಡಣೆ ಮುಗಿದ ಮೇಲೆ ಸೋರಿಕೆ ಪರೀಕ್ಷೆ ಮಾಡದೆ ಎಂಜಿನ್ ಚಾಲೂ ಮಾಡುವುದು ಇಡೀ ಕೆಲಸವನ್ನು ಅದೃಷ್ಟಕ್ಕೆ ಬಿಟ್ಟಂತೆ. ಎಗ್ಸಾಸ್ಟ್ ಮತ್ತು ಕಾರ್ಬ್ಯುರೇಟರಿನ ದ್ವಾರಗಳನ್ನು ರಬ್ಬರ್ ಬಿರಡೆಗಳಿಂದ ಮುಚ್ಚಿ, ಪ್ಲಗ್ ತೂತಿನ ಮೂಲಕ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಿದರೆ, ಆರು ನಿಮಿಷಗಳ ಕಾಲ ಅದು ನಿಮಿಷಕ್ಕೆ 1 ಪಿಎಸ್‌ಐಗಿಂತ ವೇಗವಾಗಿ ಇಳಿಯಬಾರದು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡರ ದ್ವಾರಗಳನ್ನೂ ಒಟ್ಟಿಗೆ ಮುಚ್ಚಬೇಕು. ಒತ್ತಡ ಇಳಿದರೆ ಜೋಡಣೆಗಳಿಗೆ ಸೋಪುನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಗುರುತಿಸಬಹುದು. ಟೈರಿನ ಪಂಪು, ಸಣ್ಣ ಒತ್ತಡದ ಗೇಜ್ ಮತ್ತು ಹಳೆಯ ಪ್ಲಗ್ಗಿನ ಕವಚದಿಂದ ಯಾವ ಮೆಕ್ಯಾನಿಕ್ ಬೇಕಾದರೂ ಈ ಉಪಕರಣ ಮಾಡಿಕೊಳ್ಳಬಹುದಾದರೂ ಪರೀಕ್ಷೆ ವಿರಳವಾಗಿ ನಡೆಯುತ್ತದೆ, ಪದೇ ಪದೇ ಸೀಜ್ ಆಗುವ ಬೈಕುಗಳ ಹಿಂದೆ ಬಹುಪಾಲು ಈ ಉಪೇಕ್ಷೆಯೇ ಇರುತ್ತದೆ.

ಮಿಶ್ರಣ, ಕಿಡಿ ಮತ್ತು ಪೆಟ್ರೋಲ್

ಕಾರ್ಬ್ಯುರೇಟರಿನಲ್ಲಿ ಐಡ್ಲಿಂಗಿನ ಹೊತ್ತಿಗೆ ಪೈಲಟ್ ಜೆಟ್, ಆಕ್ಸಿಲರೇಟರ್ ಕಾಲುಭಾಗದಿಂದ ಮುಕ್ಕಾಲುಭಾಗ ತೆರೆದಿರುವಾಗ ಸೂಜಿ, ಪೂರ್ತಿ ತೆರೆದಾಗ ಮೇನ್ ಜೆಟ್ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿಗಿಂತ ಮಂಗಳೂರಿನಲ್ಲಿ, ಒಂದೇ ಉಷ್ಣತೆಯಲ್ಲಿ, ಗಾಳಿಯ ಸಾಂದ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚಿರುವುದರಿಂದ ಮೇಲಿನ ನಾಡಿನಲ್ಲಿ ತೀರ ತೆಳುವಿನ ಅಂಚಿಗೆ ಹೊಂದಿಸಿದ ಮಿಶ್ರಣ ಕರಾವಳಿಯಲ್ಲಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪ್ಲಗ್ಗಿನ ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ. ಬಿಳಿಚಿಕೊಂಡಿದ್ದರೆ ತೆಳು, ಒದ್ದೆ ಕಪ್ಪಾಗಿದ್ದರೆ ದಪ್ಪ.

ಪ್ಲಗ್ ಬದಲಿಸುವಾಗ ಬಿಸಿಗುಣದ ಅಂಕಿಯನ್ನು ಎಚ್ಚರದಿಂದ ಓದಬೇಕಾಗುತ್ತದೆ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಅಂಕಿ ಏರಿದಂತೆ ಪ್ಲಗ್ ತಂಪಿನದಾಗುತ್ತದೆ, ಬಾಷ್ ಪ್ಲಗ್ಗುಗಳಲ್ಲಿ ಅಂಕಿ ಏರಿದಂತೆ ಬಿಸಿಯದಾಗುತ್ತದೆ; ಆರ್‌ಡಿ350ಗೆ ಎನ್‌ಜಿಕೆಯ ಬಿ8ಎಚ್‌ಎಸ್ ಹೊಂದುತ್ತದೆ. ಆರ್‌ಎಕ್ಸ್100ರಲ್ಲಿ ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಆರ್‌ಡಿ350ಯಲ್ಲಿ ಕಾಂಟ್ಯಾಕ್ಟ್ ಪಾಯಿಂಟ್‌ಗಳಿದ್ದು, ಅವುಗಳ ಅಂತರ 0.3ರಿಂದ 0.4 ಮಿ.ಮೀ. ಇರಬೇಕು. ಪಿಸ್ಟನ್ ತುದಿ ಮುಟ್ಟಲು ಸುಮಾರು 2 ಮಿ.ಮೀ. ಇರುವಾಗ ಕಿಡಿ ಹಾರುವಂತೆ ಎರಡೂ ಸಿಲಿಂಡರುಗಳನ್ನು ಬೇರೆಬೇರೆಯಾಗಿ ಡಯಲ್ ಗೇಜಿನಿಂದ ಹೊಂದಿಸಬೇಕು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಚಾಲನೆ ಪಡೆದ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈ ಎಂಜಿನ್ನುಗಳಿಗೆ ಹೊಸ ಸಮಸ್ಯೆ ತಂದಿದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕಾಗುವುದರಿಂದ, ಹಳೆಯ ಜೆಟ್‌ಗಳಲ್ಲೇ ಓಡುವ ಎಂಜಿನ್ ತಾನಾಗಿಯೇ ತೆಳುವಿನತ್ತ ಸರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿ, ಹೆಚ್ಚು ನೀರು ಸೇರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನೂ ಮೆತ್ತಗಾಗಿಸುತ್ತದೆ. ಹೀಗಾಗಿ ಎಥನಾಲ್ ತಡೆಯುವ ಹೊಸ ಕೊಳವೆ ಮತ್ತು ಓ-ರಿಂಗ್ ಹಾಕಿಸಿ, ಪ್ಲಗ್ ಬಣ್ಣ ನೋಡಿ ಮೇನ್ ಜೆಟ್ಟನ್ನು ಒಂದು ಹಂತ ಹೆಚ್ಚಿಸುವುದನ್ನು ಪರಿಶೀಲಿಸಿ, ಮಳೆಗಾಲದಲ್ಲಿ ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರನ್ನು ಬರಿದು ಮಾಡಿಡುವುದು ಒಳಿತು.

2ಟಿ ಆಯಿಲ್

ಆಯಿಲ್ ಡಬ್ಬದ ಮೇಲೆ ಜಪಾನಿನ ಜಾಸೋ ಮಾನದಂಡದ ಎಫ್‌ಸಿ ಅಥವಾ ಎಫ್‌ಡಿ ಗುರುತು ಇರುವುದನ್ನು ನೋಡಿಕೊಳ್ಳಬೇಕು. ಇವು ಕಡಿಮೆ ಹೊಗೆ ಮತ್ತು ಕಡಿಮೆ ಕಾರ್ಬನ್ ಬಿಡುವ ದರ್ಜೆಗಳು. ದೋಣಿಗಳ ಎಂಜಿನ್ನಿಗೆಂದು ಮಾಡಿದ ಟಿಸಿ-ಡಬ್ಲ್ಯು3 ಆಯಿಲ್ ನೀರಿನಿಂದ ತಂಪಾಗುವ, ಕಡಿಮೆ ಬಿಸಿಯಲ್ಲಿ ಓಡುವ ಎಂಜಿನ್ನುಗಳಿಗಾಗಿ ಇರುವುದರಿಂದ ಗಾಳಿಯಿಂದ ತಂಪಾಗುವ ಬೈಕಿಗೆ ತಕ್ಕದ್ದಲ್ಲ.

ಆರ್‌ಎಕ್ಸ್ ಮತ್ತು ಆರ್‌ಡಿ ಬೈಕುಗಳಲ್ಲಿ ಆಟೋಲ್ಯೂಬ್ ಎಂಬ ಪಂಪು ಎಂಜಿನ್ ವೇಗ ಮತ್ತು ಆಕ್ಸಿಲರೇಟರಿನ ತೆರವು ಎರಡನ್ನೂ ಅನುಸರಿಸಿ ಆಯಿಲ್ ಕೊಡುತ್ತದೆ. ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಹೊಸ ಪಿಸ್ಟನ್ ಮೊದಲ ನಿಮಿಷಗಳಲ್ಲೇ ಒಣಗಿ ಓಡುವುದರಿಂದ, ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ನಿಲ್ಲುವವರೆಗೆ ಆಯಿಲ್ ಹರಿಸಿ, ಪಂಪಿನ ಗುರುತುಗಳಿಗೆ ಕೇಬಲ್ ಹೊಂದಿಸಿ, ಮೊದಲ ಕೆಲವು ಲೀಟರ್ ಪೆಟ್ರೋಲಿಗೆ ಪ್ರತ್ಯೇಕವಾಗಿಯೂ ಆಯಿಲ್ ಬೆರೆಸುವುದು ಜಾಣತನ. ನೇರವಾಗಿ ಬೆರೆಸುವ ಬೈಕುಗಳಲ್ಲಿ 1:40 ಎಂದರೆ ಲೀಟರಿಗೆ 25 ಮಿ.ಲೀ., 1:25 ಎಂದರೆ 40 ಮಿ.ಲೀ. ಹೆಚ್ಚು ಆಯಿಲ್ ಹಾಕಿದಷ್ಟೂ ಕ್ಷೇಮ ಎಂಬ ನಂಬಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಜೆಟ್ಟಿನ ಮೂಲಕ ಹಾಯುವ ದ್ರವದಲ್ಲಿ ಆಯಿಲಿನ ಪಾಲು ಏರಿದಂತೆ ಪೆಟ್ರೋಲಿನ ಪಾಲು ಇಳಿದು ಮಿಶ್ರಣ ತೆಳುವಾಗುತ್ತದೆ.

ರನ್ನಿಂಗ್-ಇನ್ ಮತ್ತು ನಿತ್ಯಪಾಲನೆ

ಹೊಸ ಎಂಜಿನ್ನನ್ನು ಮೊದಲು ಕೆಲವು ನಿಮಿಷ ಓಡಿಸಿ ಪೂರ್ತಿ ತಣ್ಣಗಾಗಲು ಬಿಡುವ ಕ್ರಮವನ್ನು ಎರಡು-ಮೂರು ಸಲ ಮಾಡಿ, ಹೆಡ್ಡಿನ ನಟ್ಟುಗಳನ್ನು ತಣ್ಣಗಿರುವಾಗ ಟಾರ್ಕ್ ರೆಂಚಿನಿಂದ ಅಡ್ಡಡ್ಡ ಕ್ರಮದಲ್ಲಿ ಮತ್ತೆ ಪರೀಕ್ಷಿಸಬೇಕು. ಮೊದಲ 500 ಕಿ.ಮೀ.ಗಳಲ್ಲಿ ಒಂದೇ ವೇಗದಲ್ಲಿ ದೀರ್ಘಕಾಲ ಓಡಿಸುವುದನ್ನೂ ಮೇಲಿನ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸುವುದನ್ನೂ ತಪ್ಪಿಸಬೇಕು. ಆಗುಂಬೆ ಅಥವಾ ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಮುಚ್ಚಿದರೆ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಪೆಟ್ರೋಲ್ ಅತ್ಯಲ್ಪವಾಗಿ ಬರುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಬೈಕುಗಳಲ್ಲಿ ಆಗ ಆಯಿಲೂ ಅಷ್ಟೇ ಕಡಿಮೆಯಾಗುವುದರಿಂದ ನಡುನಡುವೆ ಆಕ್ಸಿಲರೇಟರನ್ನು ತುಸು ತೆರೆಯುತ್ತಿರುವುದು ಅಗತ್ಯ. ಓಟದಲ್ಲಿ ಎಂಜಿನ್ ಬಿಗಿಯಾದಂತೆ ಅನ್ನಿಸಿದರೆ ಕೂಡಲೇ ಕ್ಲಚ್ ಹಿಡಿಯುವುದು ಹಿಂದಿನ ಚಕ್ರ ಕಟ್ಟಿಕೊಳ್ಳುವುದನ್ನು ತಡೆಯುವ ದಾರಿ.

ನಿತ್ಯಪಾಲನೆಯಲ್ಲಿ ಏರ್ ಫಿಲ್ಟರಿನ ಸ್ಪಂಜನ್ನು ತೊಳೆದು ಆಯಿಲ್ ಹಚ್ಚುವುದು, ಗೇರ್ ಆಯಿಲ್ ಬದಲಿಸುವುದು, ಸಿಲಿಂಡರಿನ ರೆಕ್ಕೆಗಳ ನಡುವಿನ ಕೆಸರು ತೆಗೆಯುವುದು ಸೇರುತ್ತವೆ. ಕೆಲವು ಸಾವಿರ ಕಿ.ಮೀ.ಗಳಿಗೊಮ್ಮೆ ಹೆಡ್, ಎಗ್ಸಾಸ್ಟ್ ಪೋರ್ಟ್ ಮತ್ತು ಸೈಲೆನ್ಸರಿನ ಒಳಕೊಳವೆಯಲ್ಲಿ ಕಟ್ಟಿದ ಕಾರ್ಬನ್ನನ್ನು ಮರ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ ಕೆರೆದು ತೆಗೆಯಬೇಕು. ರೀಡ್ ಪಟ್ಟಿಗಳು ತಮ್ಮ ಪೀಠದಿಂದ 0.3 ಮಿ.ಮೀ.ಗಿಂತ ಹೆಚ್ಚು ಎದ್ದು ನಿಂತಿದ್ದರೆ ಬದಲಿಸುವುದೇ ಸರಿ.

ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈಗಲೂ ದೊರೆಯುತ್ತವೆ. ನಕಲಿ ಪಿಸ್ಟನ್ ಮತ್ತು ಸೀಲ್‌ಗಳ ಹಾವಳಿಯಿರುವುದರಿಂದ ಪೊಟ್ಟಣವನ್ನು ನಂಬದೆ ಭಾಗವನ್ನೇ ಅಳೆದು ಕೊಳ್ಳಬೇಕು. ಆದರೆ ಹಣ ಕೊಟ್ಟರೂ ಸುಲಭವಾಗಿ ಸಿಗದಿರುವುದು ಮೂಲ ಸಿಲಿಂಡರಿನ ಲೋಹ. ಒಂದು ಸಿಲಿಂಡರನ್ನು ಒಟ್ಟು ನಾಲ್ಕು ಬಾರಿಯಷ್ಟೇ ಹಿಗ್ಗಿಸಬಹುದಾಗಿದ್ದು, ಹತ್ತಾರು ರೂಪಾಯಿಯ ಸೀಲನ್ನು ನೋಡದೆ ಬಿಟ್ಟು ಮಾಡಿಸಿದ ಪ್ರತಿ ಬೋರಿಂಗೂ ಅದರಲ್ಲೊಂದನ್ನು ಕಳೆಯುತ್ತದೆ. ಆದ್ದರಿಂದ ಬೋರಿನ ಅಳತೆ, ಜೆಟ್ಟಿನ ಅಂಕಿ, ಸೀಲ್ ಬದಲಿಸಿದ ದಿನಾಂಕ ಮತ್ತು ಸೋರಿಕೆ ಪರೀಕ್ಷೆಯ ಫಲವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಬೈಕು ಕೈಬದಲಾಯಿಸಿದಾಗ ಆರ್‌ಸಿಯ ಜೊತೆ ಅದನ್ನೂ ಕೊಡುವ ಪರಿಪಾಠ ಬೆಳೆದರೆ ಮುಂದಿನ ಮಾಲೀಕರು ದೋಷದ ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.